ಕುಂಬಳಕಾಯಿಗೆ ಗಡ್ಡ ಅಂಟಿಸಿದ ಕಥೆ

ಮಕ್ಕಳ ಕೈಯಲ್ಲಿ ಏನಾದರೂ ಮಾಡಿಸೋಣ ಅಂತ ನಾನು ಹೊರಟಾಗಲೆಲ್ಲ ಇಡೀ ಊರು ಅಡ್ಡ ಬರುತ್ತೆ. ಹಾಳು ಮಾಡೋಕಲ್ಲ, ಸಹಾಯ ಮಾಡೋಕೆ. ಅದೇ ಇನ್ನೂ ಕಷ್ಟ.

ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯ ಒಂದು ಹಳ್ಳಿ ಸ್ಕೂಲಿನಲ್ಲಿ ನಾನು ಟೀಚರ್. ದಸರಾ ರಜೆ ಮುಗಿಯುತ್ತಲೇ ಮೇಲಿನಿಂದ ಆದೇಶ ಬಂತು. ಈ ಕಾಲದಲ್ಲಿ ಸಿಗುವ ಕಾಯಿ, ಬೀಜ, ಎಲೆಗಳಿಂದ ಮಕ್ಕಳು ಏನಾದರೂ ತಯಾರಿಸಬೇಕು. ಶಿಕ್ಷಣ ಇಲಾಖೆಯ ಸಾಹೇಬರು ಬಂದು ನೋಡಿ ಒಪ್ಪಿದರೆ ಅದು ನಂಜನಗೂಡಿನ ಪ್ರದರ್ಶನಕ್ಕೆ ಹೋಗುತ್ತೆ. ನಮ್ಮ ಸ್ಕೂಲಿನದು ಒಂದು ಸಲವೂ ಹೋಗಿರಲಿಲ್ಲ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಮಾತ್ರ ಆವತ್ತೇ, "ನಂಜನಗೂಡ್ಗೆ ಯಾವ್ ಲಂಗ ಆಕ್ಕಳ್ಳಿ ಮಿಸ್?" ಅಂತ ಕೇಳೋಕೆ ಶುರುಮಾಡಿದಳು.

ನೆಲಕ್ಕೆ ಬಿದ್ದದ್ದು

"ಗಿಡದಿಂದ ಏನೂ ಕೀಳಬೇಡಿ. ನೆಲಕ್ಕೆ ಬಿದ್ದದ್ದನ್ನು ಆರಿಸಿ ತನ್ನಿ" ಅಂದೆ. ಹೊಂಗೆಕಾಯಿ, ಹುಣಸೆಬೀಜ, ಹಕ್ಕಿಪುಕ್ಕ ಬರುತ್ತೆ ಅಂತ ನನ್ನ ಆಸೆ. ಮಾರನೆಯ ದಿನ ಬಂದದ್ದು ಕುಂಕುಮ ಹಚ್ಚಿದ ನಿಂಬೆಹಣ್ಣು, ಅರ್ಧ ಸುಟ್ಟ ಮೆಣಸಿನಕಾಯಿ, ಒಡೆದ ಬೂದುಗುಂಬಳದ ಹೋಳುಗಳು. ಹಿಂದಿನ ದಿನ ಅಮಾವಾಸ್ಯೆ ಅನ್ನೋದು ನನಗೆ ಮರೆತೇ ಹೋಗಿತ್ತು.

"ಎಲ್ಲಿಂದ ತಂದಿರಿ ಇದನ್ನ?"

"ಮೂರ್ ದಾರಿ ಕೂಡೋ ತಾವ ಬಿದ್ದಿತ್ತು ಮಿಸ್. ಬಿದ್ದಿರೋದ್ನೇ ತಕ್ಕಬನ್ನಿ ಅಂದ್ರಲ್ಲ."

ಮಕ್ಕಳ ತಾಯಂದಿರು ಗುಂಪಾಗಿ ಬಂದರು. "ದೃಷ್ಟಿ ತೆಗ್ದು ಒಡ್ದಾಕಿರೋದ್ನ ಮುಟ್ಟುಸ್ತೀರಲ್ಲ, ನಿಮಗೆ ಅಷ್ಟೂ ತಿಳಿಯಕಿಲ್ವಾ?" ರಸ್ತೆಯಲ್ಲಿ ಒಡೆದದ್ದನ್ನು ಯಾರೂ ಮುಟ್ಟಕೂಡದು ಅಂತ ಅವರೆದುರಿಗೇ ಮಕ್ಕಳ ಬಾಯಲ್ಲಿ ಹೇಳಿಸಿದೆ. ಆಮೇಲೆ ಅವರು ಇಡೀ ಕ್ಲಾಸಿಗೆ ಉಪ್ಪು ನಿವಾಳಿಸಿ, ಕೊನೆಗೆ ನನ್ನನ್ನೂ ಪೂರ್ವಕ್ಕೆ ಮುಖ ಮಾಡಿಸಿ ಕೂರಿಸಿದರು. ಆವತ್ತಿನ ವಿಜ್ಞಾನದ ಪಾಠ ಹಾಗೆ ಮುಗಿಯಿತು.

ಗಂಡಸು ಬೇಕಾಗಿದ್ದಾನೆ

ಒಬ್ಬರು ರೈತರು ತಮ್ಮ ಹೊಲದ ಬೂದುಗುಂಬಳಗಳನ್ನು ಸ್ಕೂಲಿಗೆ ಕಳಿಸಿಕೊಟ್ಟರು. ಒಂದರ ತಲೆ ಕತ್ತರಿಸಿ, ತಿರುಳು ತೆಗೆದು, ಒಳಗೆ ದೀಪ ಇಡುವ ಬುರುಡೆ ಮಾಡಿಸೋಣ ಅಂತ ಚಾಕು ಎತ್ತಿದೆ. ಬಿಸಿಯೂಟದ ಅಡುಗೆಯವರು ಬಂದು ಕೈ ಹಿಡಿದುಕೊಂಡರು.

"ಇಡೀ ಕುಂಬಳಕಾಯ್ನ ಎಂಗಸ್ರು ಕುಯ್ಬಾರ್ದು ಕಣ್ರೀ ಮಿಸ್. ಗಂಡಸ್ರು ಒಂದೇಟು ಆಕ್ಲಿ, ಆಮೇಕೆ ನೀವೇನಾರ ಮಾಡ್ಕಳಿ."

ಅಂಥದ್ದೆಲ್ಲ ಏನಿಲ್ಲ ಅಂದೆ. ಅಷ್ಟರಲ್ಲಿ ಮಕ್ಕಳೆಲ್ಲ ಕತ್ತರಿ ಕೆಳಗಿಟ್ಟು ಹಿಂದೆ ಸರಿದಿದ್ದರು. ಸ್ಕೂಲಿನಲ್ಲಿರುವ ಒಬ್ಬರೇ ಗಂಡಸು ಹೆಡ್ ಮೇಷ್ಟ್ರು. ಅವರು ಎಂದಿನಂತೆ ಮೀಟಿಂಗಿಗೆ ಹೋಗಿದ್ದರು. ಅಡುಗೆಯವರು ಓಡಿಹೋಗಿ ನರಸೀಪುರದ ಬಸ್ಸನ್ನೇ ನಿಲ್ಲಿಸಿದರು.

ಡ್ರೈವರ್ ಇಳಿದು ಬಂದು ಕುಯ್ಯೋಕೆ ಕೂತರು. ಬಸ್ಸಿನ ಕಿಟಕಿ ಕಿಟಕಿಯಿಂದಲೂ ಸಲಹೆ. "ಇಂಥಾ ಮೊಂಡ್ ಚಾಕು ಮಡಿಕ್ಕಂಡು ಸ್ಕೂಲ್ ನಡುಸ್ತಿದ್ದೀರಾ ಮಿಸ್?" ಅಂತ ಡ್ರೈವರ್ ಬೈದುಕೊಂಡು, ನಾನು ತಡೆಯುವಷ್ಟರಲ್ಲಿ ಉದ್ದುದ್ದಕ್ಕೆ ಎರಡು ಹೋಳು ಮಾಡಿ ಹೊರಟುಹೋದರು. ನನಗೆ ಬುರುಡೆ ಬೇಕಾಗಿತ್ತು, ಸಿಕ್ಕಿದ್ದು ಎರಡು ದೋಣಿ.

ನಾನು ದಿನಾ ಸ್ಕೂಲಿಗೆ ಬರೋದು ಅದೇ ಬಸ್ಸಿನಲ್ಲಿ. ಅವತ್ತಿನಿಂದ ನಾನು ಹತ್ತಿದೊಡನೆ ಡ್ರೈವರ್ ಎಲ್ಲರಿಗೂ ಕೇಳಿಸುವ ಹಾಗೆ, "ಇವತ್ತೇನಾರ ಕುಯ್ಯದೈತಾ ಮಿಸ್?"

ಎದುರು ಮನೆ

ಕುಯ್ಯುವುದೇ ಬೇಡ ಅಂತ ಇನ್ನೊಂದರ ಮೇಲೆ ಇದ್ದಿಲಿನಿಂದ ದೊಡ್ಡ ಕಣ್ಣು, ಹಲ್ಲು ಬರೆಸಿ, ಕಾಂಪೌಂಡಿನ ಮೇಲೆ ಇಡಿಸಿದೆ. ಬೆಳಿಗ್ಗೆ ಬಂದರೆ ಮಾಯ. ಎದುರಿಗೆ ಕಟ್ಟುತ್ತಿದ್ದ ಮನೆಯ ನೆತ್ತಿಯಿಂದ ಅದು ನೇತಾಡುತ್ತಾ ನನ್ನನ್ನೇ ನೋಡುತ್ತಿತ್ತು.

"ನಮ್ಮನೆಗೆ ದೃಷ್ಟಿ ಆಗ್ದೇ ಇರ್ಲಿ ಅಂತ ನೀವೇ ಇಟ್ಟಿದ್ರಿ ಅಂದ್ಕಂಡೆ" ಅಂದರು ಮನೆಯವರು. "ಕಟ್ಟಿದ್ಮೇಲೆ ಇಳುಸ್ಬಾರ್ದು ಮಿಸ್. ಇನ್ನೊಂದು ಬರ್ಕೊಡಿ, ನಮ್ ಬಾಮೈದಂಗೂ ಬೇಕಂತೆ."

ಸಾಹೇಬರ ಕಾರು

ಉಳಿದಿದ್ದು ಒಂದೇ ಒಳ್ಳೆಯ ಕಾಯಿ. ಆ ಐದನೇ ಕ್ಲಾಸಿನ ಹುಡುಗಿ ಅದಕ್ಕೆ ಹುಣಸೆಬೀಜದ ಕಣ್ಣು, ಹೊಂಗೆಕಾಯಿಯ ಕಿವಿ, ಮುಸುಕಿನ ಜೋಳದ ಕೂದಲಿನ ಗಡ್ಡ ಅಂಟಿಸಿ ತಾತನನ್ನು ಮಾಡಿದ್ದಳು. ಯಾರನ್ನೂ ನಂಬದೆ ಪಾಠದ ಹೊತ್ತಿನಲ್ಲೂ ತೊಡೆಯ ಮೇಲೇ ಇಟ್ಟುಕೊಂಡಿರುತ್ತಿದ್ದಳು. ನಿಜ ಹೇಳಬೇಕೆಂದರೆ ಅದನ್ನು ನೋಡಿದಾಗ ನನ್ನ ಸಿಟ್ಟೆಲ್ಲ ಇಳಿದಿತ್ತು.

ಸಾಹೇಬರು ಬರುವ ದಿನ ಗೇಟಿನ ಹತ್ತಿರ ಸ್ಟೂಲ್ ಹಾಕಿ ತಾತನನ್ನು ಕೂರಿಸಿದೆವು. ಬೋಳು ಹಣೆ ಚೆನ್ನಾಗಿರಲ್ಲ ಅಂತ ಅಡುಗೆಯವರು ಕುಂಕುಮ ಇಟ್ಟು, ಚೆಂಡುಹೂ ಮುಡಿಸಿದರು. ಅಲ್ಲೇ ಕೆಟ್ಟಿತು.

ಸಾಹೇಬರು ಬಂದದ್ದು ಹೊಚ್ಚ ಹೊಸ ಕಾರಿನಲ್ಲಿ. ಅವರ ಕಾರಿನ ಡ್ರೈವರ್ ಇಳಿದು ನೋಡಿದ. "ಅಯ್ಯೋ, ನಮ್ ಒಸ ಕಾರ್ಗೆ ಇಷ್ಟೆಲ್ಲ ಯಾಕ್ ಮಾಡಕ್ಕೋದ್ರಿ ಮಿಸ್" ಅಂತ ಸಂತೋಷಪಟ್ಟು, ತಾತನನ್ನು ಎತ್ತಿ ಕಾರಿಗೆ ಮೂರು ಸಲ ನಿವಾಳಿಸಿ, ಚಕ್ರದ ಮುಂದೆ ಅಪ್ಪಳಿಸಿದ.

ಸಾಹೇಬರು ಕೈಮುಗಿದು ಇಳಿದರು. "ಎಂಥಾ ಸಂಸ್ಕಾರ ಕಣ್ರೀ ನಿಮ್ಮದು. ಎಲ್ಲಿ, ಮಕ್ಕಳು ಮಾಡಿರೋದನ್ನ ತೋರಿಸಿ."

ಹುಡುಗಿ ಬೆರಳು ತೋರಿಸಿದಳು. "ನಿಮ್ ಚಕ್ರುದ್ ಮುಂದೈತೆ ಸಾ."

ಕಣ್ಣು, ಗಡ್ಡವನ್ನಾದರೂ ಆರಿಸಿ ತನ್ನಿ ಅಂತ ಮಕ್ಕಳಿಗೆ ಹೇಳಿದೆ. ಒಬ್ಬರೂ ಕದಲಲಿಲ್ಲ. "ರಸ್ತೇಲಿ ಒಡ್ದಿರೋದ್ನ ಮುಟ್ಬ್ಯಾಡಿ ಅಂತ ನೀವೇ ಏಳ್ಕೊಟ್ರಲ್ಲ ಮಿಸ್."

ಹುಡುಗಿಯ ತುಟಿ ನಡುಗುತ್ತಿತ್ತು. ಸಾಹೇಬರ ಮುಖ ಸಣ್ಣದಾಯಿತು. "ಇನ್ನೊಂದು ಮಾಡಮ್ಮ, ಒಪ್ಪಿದ್ದೀನಿ. ನಂಜನಗೂಡಿಗೆ ಈ ಕಾರಲ್ಲೇ ಕರ್ಕೊಂಡು ಹೋಗ್ತೀನಿ."

ಅವಳು ನನ್ನ ಬೆನ್ನ ಹಿಂದೆ ಸರಿದಳು. "ಬ್ಯಾಡ ಸಾ. ಬಸ್ನಲ್ಲೇ ಓಯ್ತೀವಿ."

ರೈತರ ಹೊಲದಿಂದ ಇನ್ನೊಂದು ಕಾಯಿ ಬಂತು. ಈ ಸಲದ ಗಡ್ಡ ಇನ್ನೂ ಉದ್ದ. ಪ್ರದರ್ಶನದ ದಿನ ಹುಡುಗಿ ಹಸಿರು ಲಂಗ ಹಾಕಿಕೊಂಡು, ಹೊಸ ತಾತನನ್ನು ತಬ್ಬಿಕೊಂಡು ಬಸ್ಸಿನಲ್ಲಿ ಮುಂದಿನ ಸೀಟಿನಲ್ಲೇ ಕೂತಳು. ಇನ್ನು ಯಾರೂ ಏನೂ ಮಾಡಲಾರರು ಅಂತ ನಾನೂ ಪಕ್ಕದಲ್ಲಿ ಕೂತು ಉಸಿರು ಬಿಟ್ಟೆ.

ನಮ್ಮ ಡ್ರೈವರ್ ತಿರುಗಿ ನೋಡಿದರು. ಕುಂಬಳಕಾಯಿ ಕಂಡದ್ದೇ ಅವರ ಮುಖ ಅರಳಿತು. ಸೀಟಿನ ಕೆಳಗೆ ಕೈ ಹಾಕಿ, ಪೇಪರಿನಲ್ಲಿ ಸುತ್ತಿಟ್ಟಿದ್ದ ಏನನ್ನೋ ಬಿಚ್ಚುತ್ತಾ ಎದ್ದು ಬಂದರು.

"ಕೊಡವ್ವ ಇತ್ತಗೆ. ನಿಮ್ ಮಿಸ್ಸಿನ ಮೊಂಡ್ ಚಾಕು ಬ್ಯಾಡ ಅಂತ ನಾನೇ ಒಸಾದು ತಂದಿವ್ನಿ."