ಯುದ್ಧಕಾಲದ ನಕಾಶೆಯಲ್ಲಿ ನಮ್ಮೂರು

ಮುಂಬಯಿಯಲ್ಲಿರುವ ಪ್ರತಿ ಕನ್ನಡಿಗನ ಊರೂ ಅವನು ಬಿಟ್ಟುಬಂದ ಮೇಲೆಯೇ ಬೆಳೆಯತೊಡಗುತ್ತದೆ. ನಮ್ಮೂರಂತೂ ಭಾಂಡುಪ್‌ನ ನಮ್ಮ ಮನೆಯ ಎರಡು ಕೋಣೆಗಳಲ್ಲಿ ಬೆಳೆದು ಬೆಳೆದು ತಾಲ್ಲೂಕು ಕೇಂದ್ರದ ಮಟ್ಟಕ್ಕೆ ಬಂದಿತ್ತು. ಅಡ್ಡಿ ಒಂದೇ: ನನ್ನ ಹೆಂಡತಿ ಶಾರದೆಯ ತವರು ಕೃಷ್ಣೆಯ ಎದುರು ದಂಡೆಯಲ್ಲಿದೆ. ಯಾವ ಊರು ದೊಡ್ಡದೆಂಬ ಮೊಕದ್ದಮೆ ನಮ್ಮ ಮದುವೆಯಷ್ಟೇ ಹಳೆಯದು; ಸಾಕ್ಷಿಗಳೆಲ್ಲ ತೀರಿಕೊಂಡರೂ ವಿಚಾರಣೆ ನಿಂತಿಲ್ಲ.

ಹೀಗಿರುವಾಗ ಧಾರಾವಿಯಲ್ಲಿ ರದ್ದಿ ವ್ಯಾಪಾರ ಮಾಡುವ ನಮ್ಮ ಕಡೆಯ ಗೆಳೆಯ ರಫೀಕ ಫೋನ್ ಮಾಡಿದ. "ಸಾಹೇಬ್ರ, ನಿಮ್ಮ ಹೊಳೀದು ನಕಾಶೆ ಸಿಕ್ಕೈತ್ರಿ. ಮಹಾಯುದ್ಧದ ಕಾಲದ್ದು!" ಅವನ ಅಂಗಡಿಗೆ ಓಡಿದೆ. ನಕಾಶೆಯ ಮೇಲೆ ಹೊಳೆಯ ಹೆಸರು ಕಂಡದ್ದೇ ಸಾಕೆಂದು, ಹೈಕೋರ್ಟಿನ ತೀರ್ಪು ತರುವವನಂತೆ ಅದನ್ನು ಮಡಿಸಿದ ಹಾಗೆಯೇ ಮನೆಗೆ ತಂದು ಗೋಡೆಗೆ ಹಚ್ಚಿದೆ. ಸೈನ್ಯಕ್ಕಾಗಿ ಅಳೆದದ್ದು. ಫಿರಂಗಿ ಗಾಡಿ ಎಲ್ಲಿ ಹೊಳೆ ದಾಟಬಹುದು, ಯಾವ ಬಾವಿಯಲ್ಲಿ ಬೇಸಿಗೆಯಲ್ಲೂ ನೀರು, ಎಲ್ಲಿ ಹುಣಸೆ ತೋಪು, ಎಲ್ಲವೂ ಇತ್ತು. ಯಾರನ್ನೋ ಕೊಲ್ಲುವ ಯೋಚನೆ ಇಲ್ಲದಿದ್ದರೆ ನಮ್ಮ ಹೊಳೆಯನ್ನು ಯಾರೂ ಇಷ್ಟು ಅಕ್ಕರೆಯಿಂದ ನೋಡುತ್ತಿರಲಿಲ್ಲವೇನೋ.

ನಾನು ಹೀಗೆ ಮೈಮರೆತಿರುವಾಗ ಶಾರದೆ ಕನ್ನಡಕ ಏರಿಸಿಕೊಂಡು ಬಂದಳು. "ಇಲ್ನೋಡ್ರಿ, ನಮ್ಮೂರು. ಗುಡಿ, ಬಾವಿ, ಬಂಗ್ಲೆ ಎಲ್ಲಾ ಅದಾವ. ನಿಮ್ಮೂರು ಎಲ್ಲೈತ್ರಿ?"

ನಮ್ಮೂರು ಇರಬೇಕಾದ ಕಡೆ, ಮಡಿಕೆಗಳು ಕೂಡುವ ನಟ್ಟನಡುವೆ, ಕಾಗದ ಸವೆದು ತೂತಾಗಿತ್ತು. ಅದರೊಳಗಿಂದ ಗೋಡೆಯ ನೀಲಿ ಬಣ್ಣ ಇಣುಕುತ್ತಿತ್ತು.

"ಯುದ್ಧಕಾಲ," ಎಂದೆ ಗಂಭೀರವಾಗಿ. "ಮಹತ್ವದ ಜಾಗ ವೈರಿಗೆ ಗೊತ್ತಾಗಬಾರದಂತ ತೆಗೆದಿರ್ತಾರ."

"ಹೌದ್ಹೌದ್ರಿ! ಜಪಾನದವ್ರು ನಿಮ್ಮೂರ ಸಂತ್ಯಾಗ ಬದ್ನಿಕಾಯಿ ಕೊಳ್ಳಾಕ ಬರಾವ್ರಿದ್ರು."

ಆ ಸಂಜೆ ನಾನು ಚಹಾ ಕೇಳಲಿಲ್ಲ. ನನ್ನ ಪ್ರತಿಭಟನೆಯ ತುತ್ತತುದಿ ಅದು. ಅವಳಿಗೆ ಕನಿಕರ ಬಂದಿರಬೇಕು. ನಕಾಶೆ ಇಳಿಸಿ, ತೂತಿನ ಹಿಂದೆ ಬಿಳಿ ಕಾಗದ ಅಂಟಿಸಿ, ಕೈಗೆ ಪೆನ್ಸಿಲು ಕೊಟ್ಟಳು. "ಬರೀರಿ ನಿಮ್ಮೂರ. ನಮ್ಮೂರಕಿಂತ ದೊಡ್ಡದಾದ್ರೂ ನಾ ಏನೂ ಅನ್ನಂಗಿಲ್ಲ."

ಪ್ರತಿವಾದಿಯೇ ಹೀಗೆ ಸೋತುಕೊಟ್ಟ ಮೇಲೆ ತಡವೇಕೆ? ಊರಬಾಗಿಲಿನಿಂದ ಶುರುಮಾಡಿದೆ. ಅದರೊಳಗೆ ಓಣಿ ಎಡಕ್ಕೆ ಹೊರಳುತ್ತಿತ್ತೋ, ಬಲಕ್ಕೋ? ಬಾವಿ ಗುಡಿಯ ಮುಂದಿತ್ತೋ, ಹಿಂದೋ? ಬರೆದೆ, ಅಳಿಸಿದೆ, ಮತ್ತೆ ಬರೆದೆ. ಅಂಟಿಸಿದ ಕಾಗದವೂ ಸವೆಯುವ ಹೊತ್ತಿಗೆ ಒಂದೇ ಒಂದು ಗೆರೆಯನ್ನು ಒಮ್ಮೆಯೂ ಅಳಿಸದೆ ಎಳೆದೆ: ಊರು ಬಿಟ್ಟು ರೈಲು ಸ್ಟೇಷನ್ನಿಗೆ ಹೋಗುವ ದಾರಿ.

ಶಾರದೆ ಬಗ್ಗಿ ನೋಡಿದಳು. "ಇದೊಂದು ಬರೋಬರಿ ಬಂದೈತ್ರಿ," ಎಂದಳು.