ನಾನು ವೀಣೆಯ ಕೊಡ ಕೊರೆದದ್ದು

ಉಳಿ ಹಿಡಿದವರೆಲ್ಲ ಆಚಾರಿಗಳಾಗುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ನಾನು ಹಿಡಿದದ್ದು ಉಳಿಯನ್ನಲ್ಲ, ರೌಟರನ್ನು! ಮರ ಕೊರೆಯುವ ಈ ವಿದ್ಯುತ್ ಯಂತ್ರ ಬೆಂಗಳೂರಿನಲ್ಲಿ ಯುದ್ಧಕಾಲದ ಮಿಲಿಟರಿ ಸಾಮಾನು ಹರಾಜಾದಾಗ ತಂದದ್ದು. ಎರಡು ಹಿಡಿ, ನಡುವೆ ಮೋಟಾರು, ಕೆಳಗೆ ಗಿರ್ರನೆ ತಿರುಗುವ ಅಲಗು. ಬೇಕಾದ ಆಕಾರದ ಕಂಡಿಯಿರುವ ಹಲಗೆಯೊಂದನ್ನು, ಅಂದರೆ ಟೆಂಪ್ಲೇಟನ್ನು, ಮರದ ಮೇಲೆ ಕೂರಿಸಬೇಕು. ಕಂಡಿಯ ಅಂಚಿಗೆ ತಾಗಿಸಿಕೊಂಡು ಯಂತ್ರ ಓಡಿಸಿದರೆ ಅದೇ ಆಕಾರದ ಗುಳಿ ಬೀಳುತ್ತದೆ. ಮಕ್ಕಳೂ ಮಾಡಬಹುದು ಎಂದು ಜೊತೆಗೆ ಬಂದ ಇಂಗ್ಲಿಷ್ ಪುಸ್ತಕ ಹೇಳಿತ್ತು. ನಾನಾದರೋ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ರೇಖಾಗಣಿತ ಹೇಳಿಕೊಟ್ಟವನು.

ಆಗ ನಮ್ಮ ಮನೆಯಲ್ಲಿ ವೀಣೆಯದೇ ಮಾತು. ನನ್ನ ಹೆಂಡತಿ ಶಾರದೆ ಚಿಕ್ಕಂದಿನಿಂದ ಕಡ ತಂದ ವೀಣೆಯಲ್ಲೇ ಸಾಧನೆ ಮಾಡಿದವಳು. ನಮ್ಮ ಮಾವನವರು ಹಿತ್ತಲ ಹಲಸಿನ ಮರ ಕಡಿಸಿ, ಅದರ ಒಂದು ತುಂಡನ್ನು ಹನ್ನೆರಡು ವರ್ಷ ಅಟ್ಟದ ಮೇಲೆ ಒಣಗಿಸಿ ಮಗಳಿಗೆ ಕೊಟ್ಟಿದ್ದರು. ನಾದ ತುಂಬುವ ಕೊಡ, ತಂತಿ ಓಡುವ ದಂಡಿ ಎರಡೂ ಒಂದೇ ಮರದಲ್ಲಿ ಬರುವ ಏಕಾಂಡ ವೀಣೆ ಮಾಡಿಸಿಕೋ ಎಂದಿದ್ದರು. ಆ ವರ್ಷವೇ ತೀರಿಕೊಂಡರು. ಅಂಥ ತುಂಡು ಇನ್ನೊಂದಿರಲಿಲ್ಲ.

ಲಷ್ಕರ್ ಮೊಹಲ್ಲಾದ ವೀಣೆ ಆಚಾರ್ರು ಹೊರಗಿನ ರೂಪವನ್ನೆಲ್ಲ ತಿದ್ದಿದ್ದರು. ಕೊಡ ಗಡಿಗೆಯ ತಳದಂತೆ ಗುಂಡಗೆ ಬಂದಿತ್ತು. ಒಳಗೆ ಟೊಳ್ಳು ಮಾಡುವುದು ಬಾಕಿ.

"ಅದುಕ್ಕೆ ಆರು ತಿಂಗಳು ಬೇಕು ಸ್ವಾಮಿ," ಅಂದರು ಆಚಾರ್ರು. "ಒಸಿ ಕೊರೀಬೇಕು, ಬುಡ್ಬೇಕು. ಬಡಿದು ಕೇಳ್ಬೇಕು. ಎಲ್ಲಿ ತೆಳ್ಳಗಾಯ್ತು ಅಂತ ಮರವೇ ಯೇಳ್ತದೆ."

"ಆರು ತಿಂಗಳು ಯಾಕೆ ಆಚಾರ್ರೇ? ಒಂದು ಭಾನುವಾರ ಸಾಕು. ನನ್ನ ಹತ್ತಿರ ಯಂತ್ರ ಇದೆ."

ಅವರು ನನ್ನ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿದರು. "ಮರ ನಿಮ್ದು," ಅಂದರು. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಜಟಕಾದಲ್ಲಿ ಮರವನ್ನು ಜಯಲಕ್ಷ್ಮಿಪುರಂನ ನಮ್ಮ ಮನೆಗೆ ತಂದಾಗ ಶಾರದೆ ಬಾಗಿಲಲ್ಲೇ ತಡೆದಳು. "ರೀ, ಆಚಾರ್ರೇ ಮಾಡ್ಲಿ. ಇಷ್ಟು ವರ್ಷ ಕಾದಿದೀನಿ, ಇನ್ನಾರು ತಿಂಗಳು ಕಾಯ್ತೀನಿ."

"ನಿನಗೆ ವಿಜ್ಞಾನದಲ್ಲಿ ನಂಬಿಕೆಯೇ ಇಲ್ಲ."

"ವಿಜ್ಞಾನದಲ್ಲಿ ಇದೆ ಕಣ್ರೀ," ಅಂದಳು.

ಭಾನುವಾರ ಬಂತು. ದೀಪದ ಹೋಲ್ಡರಿನಿಂದ ತಂತಿ ಎಳೆದು ಯಂತ್ರದ ಗುಂಡಿ ಒತ್ತಿದೆ. ಮನೆಯ ಫ್ಯೂಸು ಹಾರಿತು. ದಪ್ಪ ತಂತಿ ಸುತ್ತಿ ಮತ್ತೆ ಒತ್ತಿದೆ. ಈ ಸಲ ಕಂಬದ ಮೇಲಿನದೇ ಹೋಗಿ, ಇಡೀ ಬೀದಿಯ ರೇಡಿಯೊಗಳು ಒಟ್ಟಿಗೆ ಮೌನ ತಾಳಿದವು. ಲೈನ್‌ಮನ್ ಬಂದು ಸರಿಮಾಡಿ, ನನಗೆ ಇಂಗ್ಲಿಷಿನಲ್ಲಿ ಬುದ್ಧಿ ಹೇಳಿ ಹೋದ. ಪಕ್ಕದ ಮನೆಯ ಪುಟ್ಟೇಗೌಡರು ಬಾವಿಯ ಮೋಟಾರಿಗಾಗಿ ಪವರ್ ಲೈನ್ ಹಾಕಿಸಿದ್ದರು. ಅವರು ಕರುಣೆಯಿಂದ ನನ್ನನ್ನೂ ಮರವನ್ನೂ ತಮ್ಮ ಹಿತ್ತಲಿಗೆ ಬರಮಾಡಿಕೊಂಡರು.

"ನಾನ್ ಹಿಡ್ಕತೀನಿ ಮೇಷ್ಟ್ರೇ, ನೀವು ಕೊರೀರಿ. ಹೋರಿ ಹಿಡ್ದಿರೋ ಕೈ ಇದು," ಎಂದು ಮರವನ್ನು ಅವುಚಿಕೊಂಡು ಕೂತರು.

ನಾನು ಕೊಡದ ಬಾಯಿಯನ್ನು ಅಳೆದು, ಸುತ್ತಲೂ ಅರ್ಧ ಅಂಗುಲ ಅಂಚು ಬಿಟ್ಟು, ಟೆಂಪ್ಲೇಟಿನಲ್ಲಿ ವೃತ್ತ ಕತ್ತರಿಸಿದ್ದೆ. ಆ ವೃತ್ತಕ್ಕೆ ನೂರಕ್ಕೆ ನೂರು ಅಂಕ ಕೊಡಬಹುದಿತ್ತು. ಯಂತ್ರವೂ ಬೆಣ್ಣೆಯಲ್ಲಿ ಬೆರಳಿಟ್ಟಂತೆ ಇಳಿಯಿತು. ಅರ್ಧ ಅಂಗುಲ, ಒಂದು ಅಂಗುಲ, ಎರಡು ಅಂಗುಲ. ಆಚಾರ್ರ ಆರು ತಿಂಗಳನ್ನು ನೆನೆದು ನನಗೆ ಮರುಕ ಹುಟ್ಟಿತು.

"ಮೇಷ್ಟ್ರೇ, ಹೊಟ್ಟು ನನ್ ಪಂಚೆ ಮ್ಯಾಲೆ ಬೀಳ್ತಾ ಅದೆ. ಪಕ್ಕದಿಂದ."

"ಹೊಟ್ಟು ಮೇಲಿನಿಂದ ಬರಬೇಕು ಗೌಡರೇ. ಪಕ್ಕದಲ್ಲಿ ಅದಕ್ಕೆ ದಾರಿಯೇ ಇಲ್ಲ."

"ಈಗ ಅದೆ," ಅಂದರು ಗೌಡರು.

ಯಂತ್ರ ನಿಲ್ಲಿಸಿ ನೋಡಿದೆ. ಕೊಡದ ಪಕ್ಕೆಯಲ್ಲಿ ಅಂಗೈಯುದ್ದದ ಸೀಳು. ಅದರಲ್ಲಿ ಗೌಡರ ಪಂಚೆಯ ಅಂಚು ಸ್ಪಷ್ಟವಾಗಿ ಕಾಣುತ್ತಿತ್ತು. ಕೊಡ ಹೊರಗಿನಿಂದ ಇಡ್ಲಿಯ ಹಾಗೆ ಕೆಳಕ್ಕೆ ಹೋದಂತೆ ಕಿರಿದಾಗುತ್ತದೆ. ಟೆಂಪ್ಲೇಟು ಮಾತ್ರ ಬಾವಿ ತೋಡಿದ ಹಾಗೆ ನೆಟ್ಟಗೆ ಇಳಿಸಿತ್ತು. ಎಷ್ಟು ಆಳದಲ್ಲಿ ಗೋಡೆ ಹರಿಯುತ್ತದೆಂಬ ಲೆಕ್ಕವನ್ನು ಎಸ್ಸೆಸ್ಸೆಲ್ಸಿ ಹುಡುಗರು ಎರಡು ನಿಮಿಷದಲ್ಲಿ ಮಾಡುತ್ತಾರೆ. ಅವರಿಗೆ ಅದನ್ನು ಕಲಿಸಿದವನು ನಾನೇ.

ಅಷ್ಟರಲ್ಲಿ ಶಾರದೆ ಇಬ್ಬರಿಗೂ ಕಾಫಿ ತಂದಳು. ಲೋಟಗಳನ್ನು ಕೆಳಗಿಟ್ಟು, ಸೀಳಿನ ಉದ್ದಕ್ಕೂ ಒಮ್ಮೆ ಬೆರಳಾಡಿಸಿದಳು. ಮನೆಗೆ ಹಿಂತಿರುಗಿದಳು. ಬೈದಿದ್ದರೆ ಉತ್ತರ ಕೊಡುತ್ತಿದ್ದೆ, ನಾಲ್ಕಾರು ಉತ್ತರ ಸಿದ್ಧವಾಗಿಯೇ ಇದ್ದವು. ಬೈಯದೆ ಹೋದದ್ದಕ್ಕೆ ನನಗೆ ಗೌಡರ ಎದುರಿಗೇ ಅಳು ಬಂತು. ಮಾವನವರು ಹನ್ನೆರಡು ವರ್ಷ ಕಾದದ್ದನ್ನು ನಾನು ಒಂದೂವರೆ ಗಂಟೆಯಲ್ಲಿ ಮುಗಿಸಿದ್ದೆ.

ಮರುದಿನ ಮರ ಮತ್ತೆ ಜಟಕಾ ಏರಿತು. ಶಾರದೆಯೂ ಜೊತೆಗೆ ಬಂದಳು. ಆಚಾರ್ರು ದಂಡಿಯನ್ನು ಉದ್ದಕ್ಕೂ ಬಡಿದು ಕೇಳಿದರು. ನನ್ನನ್ನು ಬಿಟ್ಟು ಅವಳ ಹತ್ತಿರವೇ ಮಾತಾಡಿದರು.

"ದಂಡಿ ಚೆನ್ನಾಗಿ ಅದೆ ಅಮ್ಮ. ಈ ಕೊಡ ಕುಯ್ದಾಕಿ ಬ್ಯಾರೆ ಕೊಡ ಜೋಡುಸ್ತೀನಿ. ಏಕಾಂಡ ಅನ್ನೋ ಆಸೆ ಬುಟ್ಬುಡಿ. ನಾದ ಬತ್ತದೆ, ಅದುಕ್ಕೆ ನಾನ್ ಜವಾಬ್ದಾರಿ."

"ಎಷ್ಟು ದಿನ ಆಗತ್ತೆ ಆಚಾರ್ರೇ?"

"ಆರು ತಿಂಗಳು."



ನವರಾತ್ರಿಯ ಹೊತ್ತಿಗೆ ವೀಣೆ ಬಂತು. ನಾದವೂ ಬಂತು. ಶಾರದೆ ಸರಸ್ವತಿ ಪೂಜೆಗೆ ಅದನ್ನಿಟ್ಟಳು. ಆಯುಧಪೂಜೆಯ ದಿನ ಸುತ್ತಿಗೆ, ಕತ್ತರಿ, ಈಳಿಗೆಮಣೆಗಳ ಸಾಲಿನ ಕೊನೆಗೆ ನಾನು ರೌಟರನ್ನೂ ಮೆಲ್ಲಗೆ ತಂದಿಟ್ಟೆ. ಎತ್ತಿ ಬಿಸಾಡುತ್ತಾಳೆಂದು ಹೆದರಿದ್ದೆ. ಅವಳು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿದಳು. ಕ್ಷಮೆ ಸಿಕ್ಕಿತೆಂದು ನನ್ನ ಮನಸ್ಸು ಹಗುರಾಯಿತು.

ಪೂಜೆಗಿಟ್ಟ ಆಯುಧವನ್ನು ಪೂಜೆ ಮುಗಿಯುವವರೆಗೆ ಮುಟ್ಟಬಾರದು. ವಿಜಯದಶಮಿಯ ಬೆಳಿಗ್ಗೆ ಒಂದೊಂದಾಗಿ ತೆಗೆಯತೊಡಗಿದಳು. ವೀಣೆ ಮೀಟಿದಳು. ನಾನು ರೌಟರಿಗೆ ಕೈ ಚಾಚಿದೆ.

"ಅದನ್ನ ಮುಟ್ಬೇಡಿ. ಅದರ ಪೂಜೆ ಇನ್ನೂ ಮುಗಿದಿಲ್ಲ."

"ವಿಜಯದಶಮಿ ಬಂತಲ್ಲೇ. ಇನ್ಯಾವಾಗ ಮುಗಿಯತ್ತೆ?"

"ನಾನಿರೋವರ್ಗೂ ಮುಗಿಯಲ್ಲ."

ಇದಾಗಿ ನಾಲ್ಕು ವರ್ಷ. ದೇವರ ಮನೆಯ ಮೂಲೆಯಲ್ಲಿ ರೌಟರ್ ದಿನಾ ಹೂ ಮುಡಿದುಕೊಂಡು ಕೂತಿದೆ. ಕೆಲಸ ಮಾಡದೆ ಉಪಚಾರ ಮಾಡಿಸಿಕೊಳ್ಳುವುದರಲ್ಲಿ ನಮ್ಮ ಮನೆಯಲ್ಲಿ ಅದಕ್ಕೆ ಎರಡನೆಯ ಸ್ಥಾನ ಎನ್ನುತ್ತಾಳೆ ಶಾರದೆ. ಮೊದಲನೆಯದು ಯಾರಿಗೆಂದು ನಾನು ಕೇಳಲು ಹೋಗಿಲ್ಲ.