ಲಂಗರು ಗುರುತಿನ ಆರು ಚಮಚ

ನಮ್ಮ ಮನೆಯ ಆರು ಬೆಳ್ಳಿ ಚಮಚಗಳ ಹುಟ್ಟೂರನ್ನು ಪತ್ತೆ ಮಾಡಿಯೇ ತೀರುತ್ತೇನೆಂದು ಕಳೆದ ಸೋಮವಾರ ಘೋರ ಪ್ರತಿಜ್ಞೆ ಮಾಡಿದೆ. ಅಜ್ಜಂಪುರದಲ್ಲಿ ಇಂಥ ಪ್ರತಿಜ್ಞೆಯನ್ನು ಯಾರೂ ಮಾಡಿರಲಾರರು. ಅಗತ್ಯವೂ ಇರಲಿಲ್ಲ!

ಅಜ್ಜಿ ಕರಿಬಸಮ್ಮ ಅವನ್ನು ಕರಗಿಸಿ, ಭಾನುವಾರದ ನಾಮಕರಣಕ್ಕೆ ಅನುಪಮಕ್ಕನ ಮಗುವಿಗೆ ಕಡಗ, ಉಡಿದಾರ ಮಾಡಿಸಲು ಹೊರಟಿದ್ದರು.

"ಚಮ್ಚದ ಹಿಂದೆ ಏನೋ ಸಿಂಹ ಐತೆ. ಮೂರು ದಿನ ಕೊಡಜ್ಜಿ, ನೋಡ್ತೀನಿ."

"ಸಿಂಹ ಇದ್ರೆ ಕಚ್ತದೇನೇ? ಬೆಳ್ಳಿ ಜತೆ ಅದೂ ಕರಗ್ತದೆ ಬಿಡು!"

ಎಸ್ಸೆಸ್ಸೆಲ್ಸಿಗೆ ಮೊದಲೇ ಶಾಲೆ ಬಿಟ್ಟವಳು ನಾನು. ನಾಲ್ಕು ಜನರ ಮುಂದೆ ನನ್ನ ಹೆಸರನ್ನೂ ಪಿಸುಗುಟ್ಟಿಯೇ ಹೇಳುತ್ತೇನೆ. ಚಮಚಗಳು ಪ್ರಶ್ನೆ ಕೇಳುವುದಿಲ್ಲ, ಹಾಗಾಗಿ ಹೊಂದಿಕೊಂಡೆವು. ವಿಭೂತಿ ಹಚ್ಚಿ ಉಜ್ಜಿ, ಭೂತಕನ್ನಡಿ ಹಿಡಿದು, ಮೊಬೈಲಿನ ಚಿತ್ರಗಳ ಜೊತೆ ಒಂದೊಂದನ್ನೂ ಮೂರು ಸಲ ತಾಳೆ ನೋಡಿ ಬರೆದುಕೊಂಡೆ. ನಡೆಯುವ ಸಿಂಹ: ಅಪ್ಪಟ ಬೆಳ್ಳಿ. ಹಡಗಿನ ಲಂಗರು: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಪಕ್ಕದ ಅಕ್ಷರ: ಮುದ್ರೆ ಬಿದ್ದ ವರ್ಷ. ಹಿಡಿಯ ತುದಿಯ ಮೂರು ಚುಕ್ಕೆ ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. 'ಅತಿ ವಿರಳ ಗುಪ್ತ ಮುದ್ರೆ' ಎಂದು ಬರೆದು, ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ. ಒಂದು ಗೆರೆ ಸಾಲದಷ್ಟು ವಿರಳ!

ಗುರುವಾರ ಎದುರುಮನೆಯ ತೀರ್ಥಮ್ಮ ಸೀಗೆಪುಡಿ ಕೇಳಲು ಬಂದರು. ಅಕ್ಕನಿಗೆ ತಡೆಯಲಾಗಲಿಲ್ಲ. "ನಮ್ಮ ಚಮ್ಚ ಬರ್ಮಿಂಗ್‌ಹ್ಯಾಮಿಂದು ಕಣತ್ತೆ! ಕೋಮಲಾ ಕಂಡುಹಿಡಿದವಳೆ!"

"ಹೌದಾ? ನಮ್ಮನೇಲೂ ಇಂಥವೇ ಆರು ಅವೆ. ಅವೂ ಯಾವೂರವು ನೋಡವ್ವ," ಎಂದು ತೀರ್ಥಮ್ಮ ಓಡಿಹೋಗಿ ತಂದರು.

ಅಜ್ಜಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. "ಒಲೆ ಮೇಲೆ ಹಾಲೈತೆ, ನೋಡೋಗೇ!"

"ಆಗ್ಲೇ ಕಾಯ್ಸಿ ಇಳಿಸಿದೀನಜ್ಜಿ."

"ಹಂಗಾರೆ ಇನ್ನೊಂದ್ಸಲ ಕಾಯ್ಸು!"

ಮಹಾ ಸಂಶೋಧಕಿ ಇಂಥ ಅಡ್ಡಿಗಳಿಗೆ ಜಗ್ಗುವಳೇ? ಹನ್ನೆರಡನ್ನೂ ಸಾಲಾಗಿ ಜೋಡಿಸಿದೆ. ಅದೇ ಸಿಂಹ, ಅದೇ ಲಂಗರು, ಅದೇ ಅಕ್ಷರ, ಅದೇ ಮೂರು ಚುಕ್ಕೆ! ಹುಟ್ಟಿದಾಗಿನಿಂದ ಮೊದಲ ಬಾರಿ ಗಟ್ಟಿ ದನಿಯಲ್ಲಿ ಸಾರಿದೆ: "ಎಲ್ಲಾ ಒಂದೇ ಸೆಟ್ಟು! ಈ ಗುಪ್ತ ಮುದ್ರೆನೇ ಸಾಕ್ಷಿ!"

"ಗುಪ್ತ ಎಲ್ಲಿ ಬಂತವ್ವ?" ಎಂದರು ತೀರ್ಥಮ್ಮ. "ಲಕ್ಕವಳ್ಳಿ ಇಂಗ್ಲಿಷ್ ದೊರೆ ಬಂಗ್ಲೆ ಹರಾಜಲ್ಲಿ ಹನ್ನೆರಡೂ ತಂದೋರು ನಮ್ಮಾವ. ಮದ್ವೆ ಮನೆಗೆ ಕೊಟ್ಟಾಗ ಬೇರೆಯೋರ ಪಾತ್ರೆ ಜತೆ ಬೆರೀಬಾರ್ದು ಅಂತ ಚುಕ್ಕೆ ಹೊಡ್ಸಿದ್ರು. ನಮ್ಮನೆ ತಟ್ಟೆ, ತಪ್ಪಲೆಗೂ ಅವೆ." ಆಮೇಲೆ ನಿಧಾನವಾಗಿ ಅಜ್ಜಿಯ ಕಡೆ ತಿರುಗಿದರು. "ಕರಿಬಸಕ್ಕ, ನಿನ್ ಮಗನ ಮದ್ವೇಲಿ ಬೀಗ್ರಿಗೆ ಪಾಯ್ಸ ಕೊಡಕ್ಕೆ ಅಂತ ನೀನೇ ಆರು ಇಸ್ಕಂಡಿದ್ದೆ. ಕಳ್ದೋದ್ವು ಅಂದಿದ್ದೆ!"

"ಸಿಕ್ಕುದ್ವಲ್ಲ ತಾಯಿ, ಈಗ!" ಎಂದರು ಅಜ್ಜಿ.

ತೀರ್ಥಮ್ಮನದು ದೊಡ್ಡ ಮನಸ್ಸು. ಹನ್ನೊಂದನ್ನು ಸೆರಗಿಗೆ ಕಟ್ಟಿಕೊಂಡು, ಒಂದನ್ನು ಮಗುವಿಗೆ ಉಡುಗೊರೆ ಎಂದು ಕೊಟ್ಟರು. ಮೂವತ್ತು ವರ್ಷ ಬಚ್ಚಿಟ್ಟಿದ್ದ ಚಮಚವನ್ನು ಅಜ್ಜಿ ಎರಡೂ ಕೈಯೊಡ್ಡಿ ಕಾಣಿಕೆಯಾಗಿ ಸ್ವೀಕರಿಸಿದರು. ಒಂದು ಚಮಚದಲ್ಲಿ ಎಷ್ಟು ಕಡಗವಾದೀತು? ಭಾನುವಾರ ಮಗುವಿಗೆ ಕರಿದಾರವೇ ಗತಿ.

ಹೋದ ಮರ್ಯಾದೆಯನ್ನು ಸ್ವಲ್ಪವಾದರೂ ಮರಳಿ ಪಡೆಯೋಣವೆಂದು ಮೆಲ್ಲಗೆ ಕೇಳಿದೆ: "ಅಜ್ಜಿ, ಬಚ್ಚಲಮನೆ ತಾಮ್ರದ ಹಂಡೆ ಕಂಠದಲ್ಲೂ ಏನೋ ಗುರುತೈತಲ್ಲ..."

ಅಜ್ಜಿ ಓಡಿಹೋಗಿ ಹಂಡೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು.

"ಇದು ಇಲ್ಲೇ ಹುಟ್ಟಿದ್ದು ಕಣೇ, ಇಲ್ಲೇ ಸಾಯ್ತದೆ! ಆಚೆ ಹೋಗೇ!"